ಬೆಂಗಾಲ್, ಸವಾನಾ, ಚೌಸಿ: ಕಾಡುರಕ್ತ ಬೆರೆತ ಬೆಕ್ಕುಗಳ ಲಕ್ಷಣ ಮತ್ತು ಸಾಕಣೆ

ಕಾಳಿದಂಡೆ, ಕಾರವಾರ

ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ‘ಬೆಂಗಾಲ್ ಮರಿ’ ಮಾರಾಟಕ್ಕಿದೆ ಎಂಬ ಫೋಟೊಗಳು ಓಡಾಡುತ್ತಿವೆ. ಒಂದರಲ್ಲಿ ಎಫ್2 ಅಂತಿದೆ, ಇನ್ನೊಂದರಲ್ಲಿ ಎಫ್6, ಮತ್ತೊಂದರಲ್ಲಿ ಬರೀ ‘ಕಾಡು ಕ್ರಾಸ್’. ತಿಳಿದವರು ಬಿಡಿಸಿ ಹೇಳಿ. ಈ ಅಂಕಿಯಿಂದ ಬೆಕ್ಕಿನ ಗುಣ ಎಷ್ಟು ಬದಲಾಗುತ್ತದೆ? ನಮ್ಮ ಸೆಕೆ, ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಗೆ ಒಗ್ಗುತ್ತದೆಯೇ? ಮನೆಗೆ ದಿನಾ ಬರುವ ತಾರ್ಲೆ (ಭೂತಾಯಿ), ಬಂಗಡೆ ಮೀನು ಹಾಕಿ ಸಾಕಬಹುದೇ?

ಸೊಪ್ಪಿನಬೆಟ್ಟ, ಶಿರಸಿ

ಅಂಕಿಯಿಂದಲೇ ಶುರು ಮಾಡುವ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಬೆಂಗಾಲ್ ಅಂದರೆ ಊರ ಬೆಕ್ಕು ಮತ್ತು ಏಷ್ಯಾದ ಚಿರತೆ ಬೆಕ್ಕಿನ ಸಂಕರದಿಂದ ಹೊರಟ ತಳಿ. ಅಪ್ಪ ಅಥವಾ ಅಮ್ಮ ನೇರವಾಗಿ ಚಿರತೆ ಬೆಕ್ಕಾಗಿದ್ದರೆ ಹುಟ್ಟುವ ಮರಿ ಎಫ್1. ಆ ಎಫ್1 ಹೆಣ್ಣನ್ನು ಬೆಂಗಾಲ್ ಅಥವಾ ಊರ ಗಂಡಿಗೆ ಕೂಡಿಸಿದರೆ ಎಫ್2, ಹೀಗೇ ಮುಂದೆ. ಊರ ಬೆಕ್ಕಿಗೇ ಕೂಡಿಸುತ್ತ ಹೋದರೆ ಕಾಡಿನ ಪಾಲು ಎಫ್1ರಲ್ಲಿ ಶೇ. 50, ಎಫ್2ರಲ್ಲಿ 25, ಎಫ್3ರಲ್ಲಿ 12.5, ಎಫ್4ರಲ್ಲಿ 6.25. ಎಫ್1 ಬಿಟ್ಟರೆ ಇದು ಸರಾಸರಿ ಮಾತ್ರ. ಒಂದೇ ಸೂಲಿನ ಎರಡು ಎಫ್3 ಮರಿಗಳಲ್ಲಿ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬಂದಿರುತ್ತದೆ. ಹಾಗಾಗಿ ‘ಇದರಲ್ಲಿ ಕರೆಕ್ಟಾಗಿ 12 ಪರ್ಸೆಂಟ್ ಕಾಡುರಕ್ತ’ ಎಂದು ಹೇಳಿ ಮಾರುವವರ ಮಾತಿಗೆ ಬೆಲೆ ಕೊಡಬೇಡಿ.

ಎಫ್1ರಿಂದ ಎಫ್3ರವರೆಗಿನದು ಬುನಾದಿ ಪೀಳಿಗೆ. ಎಫ್4ರಿಂದ ಮುಂದಿನದನ್ನಷ್ಟೇ ಮನೆಬೆಕ್ಕು ಎಂದು ಎಣಿಸುತ್ತಾರೆ, ಪ್ರದರ್ಶನಕ್ಕೂ ಅದೇ. ಎರಡೂ ಜಾತಿಗೆ 38 ಕ್ರೋಮೋಸೋಮು, ಆದರೂ ಮೊದಲ ಮೂರು ಪೀಳಿಗೆಯ ಗಂಡುಗಳಿಗೆ ಸಾಮಾನ್ಯವಾಗಿ ಸಂತಾನಶಕ್ತಿ ಇರುವುದಿಲ್ಲ, ಹೆಣ್ಣುಗಳಿಗೆ ಇರುತ್ತದೆ. ‘ಎಫ್1 ಗಂಡು, ಬ್ರೀಡಿಂಗಿಗೆ ಒಳ್ಳೇದು’ ಎಂಬ ಜಾಹೀರಾತು ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ತಳಿಯ ಹಿನ್ನೆಲೆ ಚಿಕ್ಕದಾಗಿ: ಅಮೆರಿಕದಲ್ಲಿ ಜೀನ್ ಮಿಲ್ ಎಂಬ ಮಹಿಳೆ 1963ರಲ್ಲಿ ಮೊದಲ ಸಂಕರ ಮಾಡಿದರು. 1980ರ ದಶಕದಲ್ಲಿ ವಿಲ್ಲರ್ಡ್ ಸೆಂಟರ್‌ವಾಲ್ ಎಂಬ ಸಂಶೋಧಕರಿಂದ ಸಿಕ್ಕ ಸಂಕರ ಬೆಕ್ಕುಗಳಿಂದ ತಳಿಯನ್ನು ಗಟ್ಟಿ ಮಾಡಿದರು. ಸೆಂಟರ್‌ವಾಲ್ ಅವನ್ನು ಬೆಳೆಸಿದ್ದು ಬೆಕ್ಕಿನ ಲ್ಯುಕೇಮಿಯಾ ಅಧ್ಯಯನಕ್ಕೆ. ನಮ್ಮ ದೇಶದ ಪಾಲೂ ಇದರಲ್ಲಿದೆ: 1982ರಲ್ಲಿ ದೆಹಲಿ ಮೃಗಾಲಯದಲ್ಲಿ ಕಂಡ ಮಚ್ಚೆಯ ಊರ ಬೆಕ್ಕೊಂದನ್ನು ಜೀನ್ ಮಿಲ್ ಒಯ್ದು ತಳಿಗೆ ಸೇರಿಸಿದರು. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಂತರರಾಷ್ಟ್ರೀಯ ಟಿಕಾ ಸಂಸ್ಥೆ 1986ರಲ್ಲಿ ಹೊಸ ತಳಿ ಎಂದು ಒಪ್ಪಿತು, 1991ರಲ್ಲಿ ಚಾಂಪಿಯನ್ ದರ್ಜೆ ಕೊಟ್ಟಿತು.

ಪಶುವೈದ್ಯ, ಕುಮಟಾ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ, ಜನ ಎಡವುವುದೇ ಇಲ್ಲಿ. ಮಚ್ಚೆ ಹೆಚ್ಚಿದ್ದರೆ ಕಾಡುರಕ್ತ ಹೆಚ್ಚು ಎಂದು ತಿಳಿಯುತ್ತಾರೆ. ಇವತ್ತಿನ ಬೆಂಗಾಲುಗಳ ಜೀನೋಮ್ ನೋಡಿದವರು ಕಂಡದ್ದು ಸರಾಸರಿ ಶೇ. 3ರಿಂದ 4ರಷ್ಟು ಮಾತ್ರ ಚಿರತೆ ಬೆಕ್ಕಿನ ಅಂಶ. ಆ ಚಂದದ ಹೂಮಚ್ಚೆ, ಮೈಮೇಲಿನ ಹೊಳಪು ಬಹುಪಾಲು ಊರ ಬೆಕ್ಕಿನ ಜೀನುಗಳನ್ನೇ ಆರಿಸಿ ಆರಿಸಿ ತಂದದ್ದು. ಅಪವಾದ ಇದೆ: ಮುಖದ ಮೇಲೆ ಕಪ್ಪು ಮುಸುಕು, ಬೆನ್ನಮೇಲೆ ದಪ್ಪ ಕರಿಪಟ್ಟೆ ಇರುವ ‘ಚಾರ್ಕೋಲ್’ ಬಣ್ಣ. ಅದಕ್ಕೆ ಚಿರತೆ ಬೆಕ್ಕಿನಿಂದ ಬಂದ ಅಗೌಟಿ ಎಂಬ ಕೂದಲಬಣ್ಣದ ಜೀನಿನ ಒಂದು ಪ್ರತಿ, ಊರ ಬೆಕ್ಕಿನ ಕಪ್ಪುಬಣ್ಣದ ಒಂದು ಪ್ರತಿ ಜೊತೆಗೆ ಕೂಡಬೇಕು.

ಬೆಂಗಾಲಿನ ಮೈಕಟ್ಟು: ಗಂಡು 4.5ರಿಂದ 7 ಕಿಲೋ, ಹೆಣ್ಣು 3.5ರಿಂದ 5.5 ಕಿಲೋ. ಉದ್ದನೆಯ ಬಿಗಿಯಾದ ಮೈ, ಹಿಂಗಾಲು ಮುಂಗಾಲಿಗಿಂತ ಸ್ವಲ್ಪ ಎತ್ತರ, ದೇಹಕ್ಕೆ ಹೋಲಿಸಿದರೆ ತಲೆ ಸಣ್ಣದು, ಕಿವಿ ಚಿಕ್ಕದು ಮತ್ತು ತುದಿ ಉರುಟು, ಮೀಸೆಯ ಬುಡ ಉಬ್ಬಿದ್ದು. ಬಾಲ ಮಧ್ಯಮ ಉದ್ದ, ದಪ್ಪ, ತುದಿ ಕಪ್ಪು. ಹೊಟ್ಟೆಯ ಮೇಲೂ ಮಚ್ಚೆ ಇರಲೇಬೇಕು. ಮಚ್ಚೆಗಳ ಓಟ ಅಡ್ಡಕ್ಕೆ, ಅಂದರೆ ತಲೆಯಿಂದ ಬಾಲದ ಕಡೆಗೆ. ನಮ್ಮ ಊರ ಪಟ್ಟೆ ಬೆಕ್ಕಿನಲ್ಲಿ ಬೆನ್ನಿನಿಂದ ಹೊಟ್ಟೆಗೆ ಇಳಿಯುವ ಗೆರೆಗಳು ತುಂಡಾಗಿ ಚುಕ್ಕಿಯಂತೆ ಕಾಣುತ್ತವೆ. ಅದನ್ನೇ ಬೆಂಗಾಲ್ ಎಂದು ಮಾರುವುದು ಸಾಮಾನ್ಯ.

ಮರಿಗೆ ಸುಮಾರು ಒಂದು ತಿಂಗಳಿನಿಂದ ಮೂರ್ನಾಲ್ಕು ತಿಂಗಳವರೆಗೆ ಮೈಮೇಲೆ ಬೂದು ನವಿರು ಎದ್ದು ಮಚ್ಚೆ ಮಸುಕಾಗುತ್ತದೆ. ಇದು ರೋಗ ಅಲ್ಲ, ತಳಿಯ ಸ್ವಭಾವ. ಆ ವಯಸ್ಸಿನಲ್ಲಿ ಬಣ್ಣ ನೋಡಿ ಮರಿ ಆರಿಸಿದರೆ ಮುಂದೆ ಹೇಗೆ ಬರುತ್ತದೆ ಹೇಳಲಾಗದು, ಅಪ್ಪ ಅಮ್ಮನ ಫೋಟೊ ಕೇಳಿ.

ಅಘನಾಶಿನಿ, ಸಿದ್ದಾಪುರ

ಡಾಕ್ಟ್ರೇ, ಇಲ್ಲಿ ಇನ್ನೊಂದು ಗೊಂದಲ ಇದೆ. ತೋಟದಲ್ಲಿ, ಸೊಪ್ಪಿನ ಬೆಟ್ಟದಲ್ಲಿ ಮಚ್ಚೆ ಇರುವ ಮರಿ ಸಿಕ್ಕರೆ ‘ನಮ್ಮನೆ ಬೆಕ್ಕಿಗೂ ಕಾಡಿನದಕ್ಕೂ ಹುಟ್ಟಿದ ಬೆಂಗಾಲ್’ ಎಂದು ಒಳಗೆ ತಂದು ಹಾಲು ಹಾಕುತ್ತಾರೆ. ಹಾಗೆ ಆಗಲಿಕ್ಕೆ ಸಾಧ್ಯವಾ? ಗುರುತು ಹಿಡಿಯುವುದು ಹೇಗೆ?

ಸೊಪ್ಪಿನಬೆಟ್ಟ, ಶಿರಸಿ

ತಂಗೀ, ಇದನ್ನು ಎಲ್ಲರೂ ಓದಬೇಕು. ನಮ್ಮ ಜಿಲ್ಲೆಯ ಕಾಡಿನಲ್ಲಿ ಚಿರತೆ ಬೆಕ್ಕೇ ಇದೆ. ತೋಟದ ಪೊದೆಯಲ್ಲಿ ಸಿಕ್ಕ ಮಚ್ಚೆಮರಿ ಶುದ್ಧ ಕಾಡುಪ್ರಾಣಿ ಎಂದೇ ಮೊದಲು ತಿಳಿಯಬೇಕು.

ಚಿರತೆ ಬೆಕ್ಕು: ಊರ ಬೆಕ್ಕಿನಷ್ಟೇ ಗಾತ್ರ, ಕಾಲು ಉದ್ದ. ಕಿವಿಯ ಹಿಂಭಾಗ ಕಪ್ಪು, ನಡುವೆ ಎದ್ದು ಕಾಣುವ ಬಿಳಿ ಬೊಟ್ಟು. ಮೂಗಿನ ಪಕ್ಕದಿಂದ ಹಣೆಗೆ ಏರುವ ಬಿಳಿಗೆರೆ. ಬಾಲದ ಮೇಲೂ ಮಚ್ಚೆ, ತುದಿಯ ಕಡೆ ಉಂಗುರ.

ತುಕ್ಕುಮಚ್ಚೆ ಬೆಕ್ಕು: ಇದು ಇನ್ನೂ ಸಣ್ಣದು. ದೊಡ್ಡದಾದರೂ ತೂಕ ಒಂದರಿಂದ ಒಂದೂವರೆ ಕಿಲೋ ಆಸುಪಾಸು. ಬೂದುಕಂದು ಮೈ, ತುಕ್ಕಿನ ಬಣ್ಣದ ಚುಕ್ಕಿ, ನೆತ್ತಿಯ ಮೇಲೆ ಹಿಂದಕ್ಕೆ ಓಡುವ ಗೆರೆಗಳು, ಬಾಲದಲ್ಲಿ ಗುರುತು ಇಲ್ಲದಷ್ಟು ಕಡಿಮೆ. ಬೆಳೆದ ಬೆಕ್ಕನ್ನೂ ‘ಮರಿ’ ಎಂದುಕೊಂಡು ಹಿಡಿಯುವುದುಂಟು.

ಕಾಡುಬೆಕ್ಕು (ಜಂಗಲ್ ಕ್ಯಾಟ್): ದೊಡ್ಡದಾದ ಮೇಲೆ ಮಚ್ಚೆ ಇಲ್ಲ, ಮರಳಿನ ಬಣ್ಣ, ಉದ್ದ ಕಾಲು, ಗಿಡ್ಡ ಬಾಲ, ಬಾಲದ ತುದಿಯಲ್ಲಿ ಕಪ್ಪು ಉಂಗುರ. ಆದರೆ ಮರಿಗೆ ಪಟ್ಟೆ ಇರುತ್ತದೆ, ಮೋಸ ಹೋಗುವುದು ಅಲ್ಲೇ. ಮುಖ ಚೂಪಾಗಿ ಮುಂದೆ ಚಾಚಿದ್ದು, ಮೈಮೇಲೆ ಚುಕ್ಕಿಯ ಸಾಲು, ಬಾಲ ಪೂರ್ತಿ ಉಂಗುರ ಇದ್ದರೆ ಅದು ಪುನುಗು, ಬೆಕ್ಕಿನ ಜಾತಿಯೇ ಅಲ್ಲ.

ಊರ ಬೆಕ್ಕಿನೊಡನೆ ಕಾಡಿನಲ್ಲಿ ಸಂಕರ ಆಗುವುದೇ ಇಲ್ಲ ಎನ್ನಲಾಗದು. ಆದರೆ ನೋಡಿ ಹೇಳುವುದು ಅಸಾಧ್ಯ, ಡಿಎನ್‌ಎ ಪರೀಕ್ಷೆಯೇ ಬೇಕು. ಚಿರತೆ ಬೆಕ್ಕು, ತುಕ್ಕುಮಚ್ಚೆ ಬೆಕ್ಕು ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಪರಿಚ್ಛೇದದಲ್ಲಿವೆ. ಇಟ್ಟುಕೊಂಡರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಕಾಡುಬೆಕ್ಕಿಗೂ ಇದೇ ಕಾಯ್ದೆಯ ರಕ್ಷಣೆ ಇದೆ.

ಮರಿ ಕಂಡರೆ ಮುಟ್ಟಬೇಡಿ. ತಾಯಿ ಬೇಟೆಗೆ ಹೋಗಿರುತ್ತದೆ, ಅಥವಾ ಒಂದೊಂದೇ ಮರಿಯನ್ನು ಜಾಗ ಬದಲಿಸುತ್ತಿರುತ್ತದೆ. ನಾಯಿ ಕಟ್ಟಿ, ಕೆಲಸದವರನ್ನು ಆ ಬದಿಗೆ ಬಿಡಬೇಡಿ, ದೂರದಿಂದ ನೋಡಿ. ಸೊಪ್ಪು ಕೊಯ್ಯುವಾಗ ಆಗಲೇ ಎತ್ತಿಬಿಟ್ಟಿದ್ದರೆ ವಲಯ ಅರಣ್ಯಾಧಿಕಾರಿಗೆ ಅಥವಾ 1926 ಸಹಾಯವಾಣಿಗೆ ಹೇಳಿ, ಸಂಜೆಯೊಳಗೆ ಎತ್ತಿದ ಜಾಗಕ್ಕೇ ಮರಳಿಸುವ ವ್ಯವಸ್ಥೆ ಆಗಬೇಕು. ಆಕಳ ಹಾಲು ಹಾಕಬೇಡಿ, ಭೇದಿಯಾಗಿ ಮರಿ ಒಣಗಿ ಸಾಯುತ್ತದೆ.

ಕಾಳಿದಂಡೆ, ಕಾರವಾರ

ಹಾಗಾದರೆ ‘ಕಾಡು ಕ್ರಾಸ್’ ಎಂದು ಮಾರುತ್ತಿರುವುದು ಕದ್ದು ತಂದ ಕಾಡುಮರಿಯೇ ಇರಬಹುದು ಅಂತಾಯ್ತು. ಕಾಗದಪತ್ರ ಏನೇನು ಕೇಳಬೇಕು?

ಸೊಪ್ಪಿನಬೆಟ್ಟ, ಶಿರಸಿ

ನೋಂದಣಿ ಸಂಸ್ಥೆಯ ವಂಶಾವಳಿ ಪತ್ರ, ಕನಿಷ್ಠ ಮೂರು ತಲೆಮಾರಿನದು. ಹದಿನೈದು ಅಂಕಿಯ ಮೈಕ್ರೋಚಿಪ್ ಸಂಖ್ಯೆ, ಅದು ಲಸಿಕೆ ಪುಸ್ತಕಕ್ಕೆ ಹೊಂದಬೇಕು. ಅಪ್ಪ ಅಮ್ಮ ಇಬ್ಬರ ಡಿಎನ್‌ಎ ವರದಿ. ಇಷ್ಟಿಲ್ಲದಿದ್ದರೆ ಅದನ್ನು ಬೆಂಗಾಲ್ ಎಂದು ನಂಬಬೇಕಾದ ಕಾರಣ ಇಲ್ಲ.

ಇನ್ನೊಂದು, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪ್ರಕಾರ ಹಿಂದಿನ ನಾಲ್ಕು ತಲೆಮಾರಿನೊಳಗೆ ಪಟ್ಟಿಯಲ್ಲಿರುವ ಕಾಡುಪ್ರಾಣಿ ಇದ್ದರೆ ಆ ಸಂಕರವೂ ನಿಯಂತ್ರಣಕ್ಕೆ ಒಳಪಡುತ್ತದೆ. ಭಾರತದ ಚಿರತೆ ಬೆಕ್ಕು ಅದರ ಮೊದಲ ಅನುಬಂಧದಲ್ಲಿದೆ, ಸವಾನಾ ತಳಿಯ ಮೂಲವಾದ ಆಫ್ರಿಕದ ಸರ್ವಲ್ ಎಂಬ ಕಾಡಿನ ಬೆಕ್ಕು ಎರಡನೆಯದರಲ್ಲಿ. 2022ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯಲ್ಲೂ ಇದಕ್ಕೆ ಅಧ್ಯಾಯ ಇದೆ, 2024ರ ನಿಯಮಗಳ ಪ್ರಕಾರ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮೊದಲ ಪೀಳಿಗೆಗಳ ಮರಿಗೆ ಕೈ ಹಾಕುವ ಮೊದಲು ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಯಲ್ಲಿ ಬರಹದಲ್ಲೇ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ಮನೆಗೆ ಎಫ್4ಕ್ಕಿಂತ ಮೊದಲಿನದು ಬೇಡವೇ ಬೇಡ.

ಹೊನ್ನಾವರ ಬಂದರು

ಸ್ವಭಾವದ ದೃಷ್ಟಿಯಿಂದಲೂ ಬೇಡ. ಎಫ್1, ಎಫ್2 ಬೆಕ್ಕು ಒಬ್ಬಿಬ್ಬರಿಗೆ ಮಾತ್ರ ಹೊಂದಿಕೊಳ್ಳುತ್ತದೆ, ನೆಂಟರು ಬಂದರೆ ಅಟ್ಟ ಸೇರುತ್ತದೆ. ಮಲಮೂತ್ರಕ್ಕಿಟ್ಟ ಮರಳುತಟ್ಟೆಯನ್ನೇ ಬಳಸುತ್ತದೆ ಎಂದು ನಂಬುವಂತಿಲ್ಲ. ಚಿರತೆ ಬೆಕ್ಕು ನೀರಿನಲ್ಲಿ ಮಲ ವಿಸರ್ಜಿಸುವುದುಂಟು, ಅದೇ ಗುಣ ಮೊದಲ ಪೀಳಿಗೆಗಳಲ್ಲಿ ಉಳಿದಿರಬಹುದು. ಬಚ್ಚಲ ಬಾನಿ, ಸಿಂಕು, ಕುಡಿಯುವ ನೀರಿನ ಬೋಗುಣಿ ಎಲ್ಲ ಹಾಳು. ಹೆಣ್ಣೂ ಮೂತ್ರ ಸಿಂಪಡಿಸುತ್ತದೆ.

ಎಫ್4ರ ಮುಂದಿನದು ಜನರೊಡನೆ ಚೆನ್ನಾಗಿ ಬೆರೆಯುತ್ತದೆ. ಆದರೂ ಸೋಮಾರಿ ಬೆಕ್ಕಲ್ಲ. ದಿನಕ್ಕೆ ಎರಡು ಸಲ, ಸಲಕ್ಕೆ 15–20 ನಿಮಿಷ ಕೋಲಿಗೆ ಗರಿ ಕಟ್ಟಿ ಓಡಿಸಿ ಆಡಿಸಬೇಕು. ಆಡಿಸಿದ ಮೇಲೆ ಊಟ ಹಾಕಿದರೆ ರಾತ್ರಿಯ ಕೂಗಾಟ ಕಡಿಮೆ. ಚಿಲಕ ತೆಗೆಯುವುದು, ನಲ್ಲಿ ತಿರುಗಿಸುವುದು ಬೇಗ ಕಲಿಯುತ್ತದೆ. ಕೋಳಿ, ಗಿಳಿ, ಮೀನಿನ ತೊಟ್ಟಿ ಇರುವ ಮನೆಯಲ್ಲಿ ಅವಕ್ಕೆ ಬೇರೆ ಕೋಣೆಯೇ ಬೇಕು.

ಸವಾನಾ ಬಗ್ಗೆ ಎರಡು ಮಾತು. ಅದು ಸರ್ವಲ್ ಜೊತೆಗಿನ ಸಂಕರ, ಮೊದಲ ಮರಿ ಹುಟ್ಟಿದ್ದು 1986ರಲ್ಲಿ, ಅಮೆರಿಕದಲ್ಲಿ. ಸರ್ವಲ್ ಗರ್ಭ ಸುಮಾರು 74 ದಿನ, ಊರ ಬೆಕ್ಕಿನದು 65 ದಿನದ ಆಸುಪಾಸು. ಗಾತ್ರವೂ ಅವಧಿಯೂ ಹೊಂದದ ಕಾರಣ ಎಫ್1 ಮರಿಗಳು ಎಷ್ಟೋ ಸಲ ತಿಂಗಳು ತುಂಬದೆ ಹುಟ್ಟುತ್ತವೆ. ಎಫ್1 ಗಂಡು 10 ಕಿಲೋ ಹತ್ತಿರ ಬರಬಹುದು, ಗಂಡುಗಳಿಗೆ ಸಂತಾನಶಕ್ತಿ ಬರುವುದು ಸಾಮಾನ್ಯವಾಗಿ ಎಫ್5ರ ಹೊತ್ತಿಗೆ. ಸ್ಥಳೀಯ ಪ್ರಾಣಿಗಳಿಗೆ ಕುತ್ತು ಎಂದು ಆಸ್ಟ್ರೇಲಿಯಾ 2008ರಲ್ಲೇ ಇದರ ಆಮದು ನಿಷೇಧಿಸಿತು. ಚೌಸಿ ನಮ್ಮ ಕಾಡುಬೆಕ್ಕಿನ ಜಾತಿಯಿಂದ ಬಂದದ್ದು: ಮಚ್ಚೆ ಇಲ್ಲ, ಬಣ್ಣ ಮೂರೇ — ಕಂದು ಟಿಕ್ಡ್ ಟ್ಯಾಬಿ (ಒಂದೊಂದು ಕೂದಲಲ್ಲೂ ತಿಳಿ-ಗಾಢ ಪಟ್ಟಿ), ಪೂರ್ತಿ ಕಪ್ಪು, ಬೂದು ಬೆರೆತ ಕಪ್ಪು. ಇಲ್ಲಿ ಯಾರಾದರೂ ‘ಮಚ್ಚೆಯ ಚೌಸಿ’ ಎಂದರೆ ಅದು ಚೌಸಿ ಅಲ್ಲ.

ಹೆಗಡೆಮನೆ, ಯಲ್ಲಾಪುರ

ಘಟ್ಟದ ಮೇಲೆ ಹಲವರ ಮನೆಯಲ್ಲಿ ಮೀನು ಮಾಂಸ ಇಲ್ಲ. ಹಾಲು ಅನ್ನದಲ್ಲಿ ನಮ್ಮ ಊರ ಬೆಕ್ಕುಗಳು ಚೆನ್ನಾಗೇ ಇವೆ. ಬೆಂಗಾಲಿಗೆ ಸಾಲದೇ?

ಪಶುವೈದ್ಯ, ಕುಮಟಾ

ಸಾಲದು ಹೆಗಡೇರೇ. ನಿಮ್ಮ ಊರ ಬೆಕ್ಕು ಹಾಲು ಅನ್ನದಲ್ಲಿ ಬದುಕಿದ್ದಲ್ಲ, ಕೊಟ್ಟಿಗೆಯ, ಅಟ್ಟದ ಇಲಿ ಹಿಡಿದು ಬದುಕಿದ್ದು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಮಾಂಸದಿಂದಲೇ ಸಿಗಬೇಕು. ಅದು ತಪ್ಪಿದರೆ ಹೃದಯದ ಸ್ನಾಯು ಸಡಿಲಾಗಿ ಹಿಗ್ಗುತ್ತದೆ, ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ. ಒಳಗೇ ಕಟ್ಟಿ ಸಾಕುವ ಬೆಂಗಾಲಿಗೆ ಇಲಿ ಸಿಗುವುದಿಲ್ಲ. ಮಾಂಸ ಒಳಗೆ ತರುವ ಪದ್ಧತಿ ಇಲ್ಲದ ಮನೆಯವರು ಪೂರ್ಣಾಹಾರ ಎಂದು ಬರೆದ ಬೆಕ್ಕಿನ ಒಣ ಆಹಾರ ಹಾಕಬೇಕು. ನಾಯಿಯದು ಆಗದು, ಅದರಲ್ಲಿ ಟಾರಿನ್ ಸಾಲದು.

ಪ್ರಮಾಣ: 4.5 ಕಿಲೋ ತೂಕದ, ಸಂತಾನಹರಣ ಆದ ಬೆಕ್ಕಿಗೆ ದಿನಕ್ಕೆ ಸುಮಾರು 250–260 ಕಿಲೋ ಕ್ಯಾಲೊರಿ. ನೂರು ಗ್ರಾಮಿಗೆ 380 ಕಿಲೋ ಕ್ಯಾಲೊರಿ ಇರುವ ಒಣ ಆಹಾರವಾದರೆ 65–70 ಗ್ರಾಂ, ಎರಡು ಮೂರು ಹೊತ್ತಿಗೆ ಹಂಚಿ. ನಾಲ್ಕು ತಿಂಗಳವರೆಗಿನ ಮರಿಗೆ ದಿನಕ್ಕೆ ನಾಲ್ಕು ಹೊತ್ತು.

ಕರಾವಳಿಯವರಿಗೆ: ಹಸಿ ತಾರ್ಲೆ ದಿನಾ ಹಾಕಬೇಡಿ. ಅದರಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ, ಬಿ1 ಜೀವಸತ್ವವನ್ನು ನಾಶ ಮಾಡುತ್ತದೆ. ಕೆಲ ವಾರಗಳಲ್ಲಿ ಬೆಕ್ಕು ಮೇವು ಬಿಡುತ್ತದೆ, ತೂರಾಡುತ್ತದೆ, ಗದ್ದ ಎದೆಗೆ ಬೀಳುವಂತೆ ಕುತ್ತಿಗೆ ಬಗ್ಗುತ್ತದೆ, ಕೊನೆಗೆ ಸೆಳೆತ. ಆ ಹಂತಕ್ಕೆ ಮುಂಚೆ ಬಿ1 ಚುಚ್ಚುಮದ್ದು ಕೊಟ್ಟರೆ ಬೇಗ ಚೇತರಿಸುತ್ತದೆ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಆದರೆ ಟಾರಿನ್ ಬೇಯಿಸಿದ ನೀರಿಗೆ ಇಳಿಯುತ್ತದೆ, ಆ ನೀರನ್ನೂ ಆರಿಸಿ ಹಾಕಿ. ಎಣ್ಣೆಮೀನೇ ಮುಖ್ಯ ಆಹಾರವಾದರೆ ಇ ಜೀವಸತ್ವ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಬಂದು, ಮೈ ಮುಟ್ಟಿದರೆ ನೋವಿನಿಂದ ಕೂಗುತ್ತದೆ. ಹಾಗಾಗಿ ಬೇಯಿಸಿದ ಮೀನು ವಾರಕ್ಕೆ ಎರಡು ಸಲ, ಸಲಕ್ಕೆ 30–40 ಗ್ರಾಂ, ಮುಳ್ಳು ತೆಗೆದು. ಐಸ್ ಇಲ್ಲದೆ ಬಿಸಿಲಲ್ಲಿ ಇದ್ದ ಬಂಗಡೆ ಬೇಡ, ಅದರಲ್ಲಿ ಹುಟ್ಟುವ ಹಿಸ್ಟಮಿನ್ ಬೇಯಿಸಿದರೂ ಹೋಗದು. ಉಪ್ಪು ಹಾಕಿದ ಒಣಮೀನು ಬೇಡವೇ ಬೇಡ.

ಹೊನ್ನಾವರ ಬಂದರು

ಗೂಡಿನ ವಿಷಯ ಬರೆಯುತ್ತೇನೆ, ಕರಾವಳಿಯಲ್ಲಿ ಇದೇ ಹೆಚ್ಚು ಕೈಕೊಡುವುದು. ಬೆಂಗಾಲನ್ನು ಹೊರಗೆ ಬಿಡುವಂತಿಲ್ಲ: ನಾಯಿ, ರಸ್ತೆ, ಹಾವು, ಘಟ್ಟದಲ್ಲಿ ಚಿರತೆ. ಬಿಟ್ಟರೆ ಕಾಡಿನ ಸಣ್ಣ ಬೆಕ್ಕುಗಳಿಗೂ ಅದು ರೋಗ ಹಂಚುತ್ತದೆ. ಜಗುಲಿಗೆ ತಾಗಿ 8 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಎತ್ತರದ ಜಾಲರಿ ಗೂಡು ಒಂದು ಜೋಡಿಗೆ ಸಾಕು. ಬುಡಕ್ಕೆ ಎರಡು ವರಸೆ ಚಿರೆಕಲ್ಲು ಕಟ್ಟಿ, ನೆಲಕ್ಕೆ ಇಳಿಜಾರು ಕೊಟ್ಟು ಸಿಮೆಂಟ್ ಗಾರೆ. ಜಾಲರಿಯ ಕಣ್ಣು ಒಂದು ಇಂಚು, ತಂತಿ 1.6 ಮಿಲಿಮೀಟರಿಗೆ ಕಡಿಮೆ ಇರಬಾರದು. ಮೀನುಬಲೆಯ ನೈಲಾನ್ ಕಟ್ಟಬೇಡಿ, ಹಲ್ಲಿನಲ್ಲಿ ಕತ್ತರಿಸುತ್ತದೆ, ಉಗುರು ಸಿಕ್ಕಿ ಬೆರಳು ಉಳುಕುತ್ತದೆ.

ಸಮುದ್ರಕ್ಕೆ ಹತ್ತಿರ ಸಾದಾ ಜಿಐ (ಸತು ಲೇಪದ ಕಬ್ಬಿಣ) ಜಾಲರಿಯ ಬೆಸುಗೆ ಬಿಂದುಗಳೇ ಮೊದಲು ತುಕ್ಕು ಹಿಡಿದು ಬಿಡುತ್ತವೆ. ಪಿವಿಸಿ ಲೇಪದ್ದು ತಗೊಳ್ಳಿ, ಕತ್ತರಿಸಿದ ತುದಿಗಳಿಗೆ ಬಣ್ಣ ಹಚ್ಚಿ. ಸ್ಟೀಲೇ ಬೇಕಾದರೆ 316 ದರ್ಜೆ, 304ಕ್ಕೂ ಉಪ್ಪುಗಾಳಿಯಲ್ಲಿ ಚುಕ್ಕಿ ತುಕ್ಕು ಬರುತ್ತದೆ. ಮರದ ಚೌಕಟ್ಟಿಗೆ ಪಿನ್ನು ಹೊಡೆದರೆ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಪಿನ್ನು ಸಡಿಲ ಆಗುತ್ತದೆ. ಅಗಲ ವಾಷರ್ ಹಾಕಿ ಆರಾರು ಇಂಚಿಗೆ ಸ್ಕ್ರೂ ಬಿಗಿಯಿರಿ. ಬಾಗಿಲು ಎರಡು, ನಡುವೆ ಮೂರಡಿ ಜಾಗ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯಬೇಕು. ಎರಚಲು ಹೊಡೆಯುವ ಬದಿಗೆ ಮೇ ತಿಂಗಳಲ್ಲೇ ಅಡಿಕೆ ಸೋಗೆಯ ತಟ್ಟಿ ಕಟ್ಟಿ, ಗಾಳಿ ಆಡಲು ಮೇಲೆ ಒಂದಡಿ ಬಿಡಿ.

ಹಂಚಿನ ಮನೆಯವರು ಗೋಡೆಗೂ ಪಕಾಸಿಗೂ ನಡುವಿನ ಸಂದಿ ಮುಚ್ಚಲೇಬೇಕು, ಬೆಕ್ಕು ಹೋಗುವುದು ಅಲ್ಲಿಂದಲೇ. ಬಾವಿಗೆ ಜಾಲರಿ ಮುಚ್ಚಳ ಹಾಕಿ, ನೀರು ಕಂಡರೆ ಇಣುಕುವ ಜಾತಿ ಇದು.

ಅಘನಾಶಿನಿ, ಸಿದ್ದಾಪುರ

ಉಣುಗಿನ (ಉಣ್ಣೆಹುಳದ) ಕಾಲ ಬಂದರೆ ಏನು ಮಾಡಬೇಕು? ಮಂಗನ ಕಾಯಿಲೆಯ ಹೆದರಿಕೆ ನಮ್ಮ ಕಡೆ ಇದ್ದೇ ಇದೆ. ನೆಲ ಒರೆಸಲು ಫಿನೈಲ್ ಹಾಕಬಹುದಾ?

ಪಶುವೈದ್ಯ, ಕುಮಟಾ

ಎರಡೂ ಮುಖ್ಯ ಪ್ರಶ್ನೆ ತಂಗೀ. ನಾಯಿಗೆ ಹಾಕುವ ಪರ್ಮೆತ್ರಿನ್ ಹನಿಮದ್ದನ್ನು ಬೆಕ್ಕಿಗೆ ಎಂದೂ ಹಾಕಬೇಡಿ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಒಡೆಯಲಾರದು, ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ, ಸಾವು. ತಪ್ಪಿ ಹಾಕಿದ್ದರೆ ಪಾತ್ರೆ ತೊಳೆಯುವ ದ್ರವ ಮತ್ತು ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ತನ್ನಿ. ಬೆಕ್ಕಿನದೇ ಎಂದು ಬರೆದ ಫಿಪ್ರೊನಿಲ್ ಹನಿಮದ್ದು, ತೂಕ ನೋಡಿ, ತಿಂಗಳಿಗೊಮ್ಮೆ, ಕುತ್ತಿಗೆಯ ಹಿಂದೆ ಕೂದಲು ಬಿಡಿಸಿ ಚರ್ಮಕ್ಕೇ ತಾಗುವಂತೆ. ನವೆಂಬರಿನಿಂದ ಮೇವರೆಗೆ ತಪ್ಪಿಸಬೇಡಿ. ಬೆಟ್ಟದ ದರಕನ್ನು (ಒಣ ಎಲೆ) ಗೂಡಿನೊಳಗೆ ಹಾಸಬೇಡಿ, ಉಣುಗು ಬರುವುದು ಅದರಲ್ಲೇ.

ಫಿನೈಲ್ ಬೇಡ. ಫೀನಾಲ್ ಜಾತಿಯ ದ್ರವ ಪಾದಕ್ಕೆ ಅಂಟಿ, ನೆಕ್ಕಿದಾಗ ಒಳಗೆ ಹೋಗುತ್ತದೆ. ಸಾಬೂನು ನೀರಲ್ಲಿ ಒರೆಸಿ. ಸೋಂಕು ಇದ್ದಾಗ ಮಾತ್ರ ತೆಳು ಬ್ಲೀಚ್ ಹಾಕಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಒಣಗಿಸಿ. ಮೂತ್ರ ಇದ್ದ ಜಾಗಕ್ಕೆ ನೇರ ಬ್ಲೀಚ್ ಸುರಿಯಬೇಡಿ, ಕೆಟ್ಟ ಅನಿಲ ಏಳುತ್ತದೆ. ಪ್ಯಾರಾಸಿಟಮಾಲ್ ಅರ್ಧ ಗುಳಿಗೆಯೂ ಬೆಕ್ಕಿಗೆ ವಿಷ.

ಲಸಿಕೆ: ಮೂರು ರೋಗದ ಲಸಿಕೆ 8, 12, 16 ವಾರಕ್ಕೆ, ರೇಬಿಸ್ 12 ವಾರ ತುಂಬಿದ ಮೇಲೆ. ಸಂತಾನಹರಣ ಐದಾರು ತಿಂಗಳಿಗೆ, ಮೂತ್ರ ಸಿಂಪಡಿಸುವ ಚಟ ಹತ್ತುವ ಮೊದಲೇ.

ಕಾಳಿದಂಡೆ, ಕಾರವಾರ

ಡಿಎನ್‌ಎ ವರದಿಯಲ್ಲಿ ಏನು ನೋಡಬೇಕು ಡಾಕ್ಟ್ರೇ? ಮತ್ತೆ ಬೆಂಗಾಲ್ ಮರಿಗಳಿಗೆ ನಿಲ್ಲದ ಭೇದಿ ಎಂದು ಕೇಳಿದ್ದೇನೆ.

ಪಶುವೈದ್ಯ, ಕುಮಟಾ

ಎರಡು ಪರೀಕ್ಷೆ ಇರಬೇಕು. ಒಂದು ಪಿಕೆ ಎಂಬ ಕಿಣ್ವದ ಕೊರತೆ: ಕೆಂಪು ರಕ್ತಕಣ ಬೇಗ ಒಡೆದು ರಕ್ತಹೀನತೆ, ವಸಡು ಬಿಳುಚುವುದು, ಬಿಟ್ಟು ಬಿಟ್ಟು ಬರುವ ಸುಸ್ತು. ಇನ್ನೊಂದು ಪಿಆರ್‌ಎ-ಬಿ: ಎಳೆಯ ವಯಸ್ಸಿನಲ್ಲೇ ಶುರುವಾಗಿ ಕುರುಡಾಗಿಸುವ ಅಕ್ಷಿಪಟದ ರೋಗ. ಎರಡೂ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ. ಎನ್/ಎನ್ ಎಂದಿದ್ದರೆ ದೋಷ ಇಲ್ಲ. ಒಂದು ಪ್ರತಿ ಇದ್ದರೆ ವಾಹಕ, ಬೆಕ್ಕಿಗೆ ತೊಂದರೆ ಇಲ್ಲ. ಆದರೆ ಎರಡು ವಾಹಕಗಳನ್ನು ಕೂಡಿಸಿದರೆ ಪ್ರತಿ ಮರಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಹೃದಯದ ಗೋಡೆ ದಪ್ಪವಾಗುವ ಎಚ್‌ಸಿಎಂ ಕೂಡ ಈ ತಳಿಯಲ್ಲಿದೆ, ಅದಕ್ಕೆ ಬೆಂಗಾಲಿನಲ್ಲಿ ನಂಬುವಂಥ ಡಿಎನ್‌ಎ ಪರೀಕ್ಷೆ ಇಲ್ಲ. ತಳಿ ತೆಗೆಯುವ ಬೆಕ್ಕುಗಳಿಗೆ ವರ್ಷಕ್ಕೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿರಬೇಕು.

ಭೇದಿಗೆ ಮುಖ್ಯ ಕಾರಣ ಟ್ರೈಟ್ರೈಕೊಮೊನಾಸ್ ಎಂಬ ಏಕಕೋಶ ಜೀವಿ. ಸೆಗಣಿಯಂತೆ ಮೆತ್ತಗೆ, ತೀರ ನಾತ, ಕೆಲವೊಮ್ಮೆ ಲೋಳೆ, ರಕ್ತ. ಮರಿ ಮಾತ್ರ ಚುರುಕಾಗಿರುತ್ತದೆ. ಮೆಟ್ರೊನಿಡಜೋಲ್ ಕೊಟ್ಟರೆ ಕಡಿಮೆಯಾದಂತೆ ಕಂಡು, ನಿಲ್ಲಿಸಿದೊಡನೆ ಮರಳುತ್ತದೆ, ಜಿಯಾರ್ಡಿಯಾ ಎಂಬ ಇನ್ನೊಂದು ಕರುಳಿನ ಪರಾವಲಂಬಿ ಎಂದು ತಪ್ಪು ತಿಳಿಯುವುದೂ ಹೆಚ್ಚು. ಮಾದರಿ ತರುವಾಗ ಮರಳು, ಮರದ ಹೊಟ್ಟು ಅಂಟದ ತಾಜಾ ಮಲವನ್ನು ಸ್ವಚ್ಛ ಡಬ್ಬಿಯಲ್ಲಿ ತನ್ನಿ. ಫ್ರಿಜ್‌ನಲ್ಲಿ ಇಡಬೇಡಿ, ತಂಪಿಗೆ ಜೀವಿ ಸತ್ತು ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣದಿದ್ದರೂ ಜೀವಿಯ ಡಿಎನ್‌ಎ ಹುಡುಕುವ ಪಿಸಿಆರ್‌ಗೆ ಕಳಿಸುವುದು ಒಳ್ಳೆಯದು. ಖಚಿತವಾದ ಮೇಲೆ ರೊನಿಡಜೋಲ್, ಕಿಲೋ ತೂಕಕ್ಕೆ 30 ಮಿಲಿಗ್ರಾಂ, ದಿನಕ್ಕೊಮ್ಮೆ, 14 ದಿನ, ವೈದ್ಯರ ಕೈಯಲ್ಲೇ. ಮದ್ದಿನ ನಡುವೆ ತೂರಾಟ, ಕಣ್ಣು ಅದುರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ ಫೋನ್ ಮಾಡಿ. ಮನೆಯ ಬೇರೆ ಬೆಕ್ಕುಗಳನ್ನೂ ಪರೀಕ್ಷಿಸಿ, ಅಲ್ಲಿಯವರೆಗೆ ಮರಳುತಟ್ಟೆ ಬೇರೆ ಬೇರೆ ಇರಲಿ, ದಿನಕ್ಕೆರಡು ಸಲ ಬರಿದು ಮಾಡಿ ಒಣಗಿಸಿ.